ಕನ್ನಡ ಟೆಕ್ಸ್ಟ್‌ನ್ಯಾಗಿನ ಕಸ ತಗಿಯೂದು, ಆಫೀಸ್ ಡಿಸ್ಕಿಗೆ ಕೋಟಾ ಹಾಕೂದು

ಊರಿನ ಹೆಸರಿನ ಎಕ್ಸೆಲ್ ಶೀಟಿಗೆ ಫಿಲ್ಟರ್ ಹಾಕಿದ್ರ ಬಸವನ ಬಾಗೇವಾಡಿ ಎರಡೆರಡು ಸಲ ಬರತೈತಿ, ಕಣ್ಣಿಗೆ ಎರಡೂ ಒಂದ ಥರ, ಕಂಪ್ಯೂಟರಿಗೆ ಮಾತ್ರ ಬ್ಯಾರೆ ಬ್ಯಾರೆ. ವಿಜಯಪುರ, ಬಾಗಲಕೋಟಿ ಕಡೆ ಡಾಟಾ ಎಂಟ್ರಿ ಮಾಡೋ ಹುಡುಗೂರಿಗೆ ಇದು ಭಾಳ ಕಾಡತೈತಿ. ವೆಬ್‌ಸೈಟಿಂದ ಕಾಪಿ ಹೊಡೆದಾಗ ಸ್ಪೇಸ್ ಇರೋ ಜಾಗಾದಾಗ ನಾನ್ ಬ್ರೇಕಿಂಗ್ ಸ್ಪೇಸ್ (ಅಲ್ಲಿ ಸಾಲು ಮುರಿಯದಂಗ ಹಿಡಿಯೋ ಸ್ಪೇಸ್) ಬಂದು ಕುಂತಿರತೈತಿ, ಎಕ್ಸೆಲ್‌ನ ಹೆಚ್ಚಿನ ಸ್ಪೇಸ್ ತಗಿಯೋ ಟ್ರಿಮ್ ಫಾರ್ಮುಲಾ ಹಾಕಿದ್ರೂ ಹೋಗಂಗಿಲ್ಲ, ಕಾಣದ ಕ್ಯಾರೆಕ್ಟರ್ ತಗಿಯೋ ಕ್ಲೀನ್ ಹಾಕಿದ್ರೂ ಹೋಗಂಗಿಲ್ಲ. ಆ ಸೆಲ್‌ನ್ಯಾಗಿನ ಸ್ಪೇಸ್ ಒಂದನ್ನ ಸೆಲೆಕ್ಟ್ ಮಾಡಿ ಕಾಪಿ ಮಾಡ್ಕೋರಿ, ಕಂಟ್ರೋಲ್ ಎಚ್ ಒತ್ತಿ ಫೈಂಡ್ ಬಾಕ್ಸ್‌ನ್ಯಾಗ ಪೇಸ್ಟ್ ಮಾಡ್ರಿ, ಕೆಳಗ ರಿಪ್ಲೇಸ್ ಬಾಕ್ಸ್‌ನ್ಯಾಗ ಸ್ಪೇಸ್ ಬಾರ್ ಒಮ್ಮೆ ಒತ್ತಿ ರಿಪ್ಲೇಸ್ ಆಲ್ ಕೊಡ್ರಿ. ಟ್ರಿಮ್ ಆಮ್ಯಾಲ ಹಾಕ್ರಿ.

ಖರೇ ತ್ರಾಸು ಇರೋದು ಸ್ಪೆಷಲ್ ಕ್ಯಾರೆಕ್ಟರ್ ಎಲ್ಲಾ ತಗದ ಹಾಕ್ತೀನಿ ಅನ್ನೋರಿಗೆ. ನೆಟ್‌ನ್ಯಾಗ ಸಿಗೋ ಫಾರ್ಮುಲಾ ಭಾಳಷ್ಟು ಇಂಗ್ಲಿಷಿಗೆ ಬರದವು, ಎ ಟು ಝಡ್ ಮತ್ತ 0 ದಿಂದ 9 ಬಿಟ್ಟು ಉಳಿದದ್ದು ಅಳಸು ಅಂತಿರತಾವ, ಕನ್ನಡ ಫೈಲಿಗೆ ಹಾಕಿದ್ರ ಒಂದಕ್ಷರನೂ ಉಳಿಯಂಗಿಲ್ಲ. ಪ್ರತಿ ಅಕ್ಷರಕ್ಕ ಒಂದ ನಂಬರ್ ಕೊಡೋ ಯೂನಿಕೋಡ್‌ನ್ಯಾಗ ಕನ್ನಡದ ಜಾಗಾ 0ಸಿ80 ಇಂದ 0ಸಿಎಫ್‌ಎಫ್ ತನಕ, ಅದನ್ನ ಉಳಿಸೋ ಪಟ್ಟಿಗೆ ಸೇರಿಸ್ರಿ. ಅಷ್ಟ ಮಾಡಿದ್ರೂ ಸಾಲಂಗಿಲ್ಲ, ಯಾಕಂದ್ರ ಕಣ್ಣಿಗೆ ಕಾಣದ ಕ್ಯಾರೆಕ್ಟರ್ ಎಲ್ಲಾನೂ ಕಸ ಅಲ್ರಿ. 200ಬಿ ಅನ್ನೋ ಝೀರೋ ವಿಡ್ತ್ ಸ್ಪೇಸ್ ಕನ್ನಡಕ್ಕ ಬೇಕಾಗಿಲ್ಲ, ತಗೀರಿ. ಅಕ್ಷರ ಒತ್ತಾಗದಂಗ ತಡಿಯೋ 200ಸಿ ಅನ್ನೋ ನಾನ್ ಜಾಯಿನರ್ ಮಾತ್ರ ಮುಟ್ಟಬ್ಯಾಡ್ರಿ, ಅದು ಹೋದ್ರ ‘ಇಳಕಲ್‌ನ ಸೀರಿ’ ಹೋಗಿ ‘ಇಳಕಲ್ನ ಸೀರಿ’ ಆಗತೈತಿ, ನಕಾರ ಒತ್ತಾಗಿ ಕೆಳಗ ಇಳಿದು ಬಿಡತೈತಿ. 200ಡಿ ಜಾಯಿನರ್‌ನೂ ಹಂಗ, ‘ರ‍್ಯಾಂಕ್’ ಅಂತ ಬರಿಯಾಕ ಅದು ಬೇಕ ಬೇಕು. ಹೈಫನ್ ಸುದ್ದಿಗೂ ಹುಷಾರಾಗಿರ್ರಿ, ರಬಕವಿ-ಬನಹಟ್ಟಿ ನಡುವಿಂದು ಹೆಸರಿನ ಭಾಗ, ಅದನ್ನ ತಗಿಯೂದಲ್ಲ, ಉದ್ದನ ಡ್ಯಾಶ್ ಬಂದಿದ್ರ ಸಾದಾ ಹೈಫನ್‌ಗೆ ಬದಲಿಸೂದು.

ಯಾವುದು ಎಲ್ಲಿ ಐತಿ ಅಂತ ನೋಡಾಕ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಹೊಸಾ ವರ್ಷನ್ ಛಲೋ, ವ್ಯೂ ಮೆನುದಾಗ ಶೋ ಸಿಂಬಲ್ ಒಳಗ ನಾನ್ ಪ್ರಿಂಟಿಂಗ್ ಕ್ಯಾರೆಕ್ಟರ್ಸ್ ಆನ್ ಮಾಡಿದ್ರ ಎಲ್ಲಾ ಹೆಸರು ಸಮೇತ ಕಾಣತಾವ.

ಹಿಂಗ ಕ್ಲೀನ್ ಮಾಡೂಮುಂದ ಕಾಪಿ ಇಟ್ಕೊಂಡ ಮಾಡಬೇಕು, ಅದು ಸರಿನ, ಆದ್ರ ಒಂದ ಕಂಪ್ಯೂಟರ್ ನಾಕು ಮಂದಿ ಬಳಸೋ ಆಫೀಸ್‌ನ್ಯಾಗ ಫೈನಲ್, ಫೈನಲ್ 2, ಸ್ಕ್ಯಾನ್ ಮಾಡಿದ ಪಿಡಿಎಫ್ ಅಂತ ಕೂಡಿ ಕೂಡಿ ಡಿ ಡ್ರೈವ್ ತುಂಬತೈತಿ, ಒಬ್ಬರ ಫೈಲ್ ಜಾಗಾ ತುಂಬಿ ಉಳಿದವರಿಗೆ ಸೇವ್ ಆಗಂಗಿಲ್ಲ. ಡ್ರೈವ್ ಎನ್‌ಟಿಎಫ್‌ಎಸ್ (ಡ್ರೈವ್ ಫಾರ್ಮ್ಯಾಟ್ ಮಾಡೋ ಒಂದ ಥರ) ಇದ್ರ ವಿಂಡೋಸ್‌ನ್ಯಾಗ ಕೋಟಾ (ಒಬ್ಬೊಬ್ಬರಿಗೆ ಇಷ್ಟ ಜಾಗಾ ಅಂತ ಮಿತಿ) ಐತಿ. ಅಡ್ಮಿನ್ ಲಾಗಿನ್‌ನ್ಯಾಗ ಡ್ರೈವ್ ಮ್ಯಾಲ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕೋಟಾ ಟ್ಯಾಬ್, ಎನೇಬಲ್‌ಗೆ ಟಿಕ್ ಮಾಡ್ರಿ. ಲಿಮಿಟ್ ನಂಬರ್ ಹಾಕೂಮುಂದ ಬಾಜೂಕ ಕೆಬಿ ಅಂತ ಇರತೈತಿ, ಅದನ್ನ ಜಿಬಿ ಮಾಡ್ರಿ, ಇಲ್ಲಂದ್ರ 20 ಅಂದ್ರ 20 ಕೆಬಿನ ಆಗತೈತಿ. ವಾರ್ನಿಂಗ್ ಲೆವೆಲ್ ಲಿಮಿಟ್‌ಗಿಂತ ಸ್ವಲ್ಪ ಕಡಿಮಿ ಇಡ್ರಿ. ಲಿಮಿಟ್ ದಾಟಿದವರಿಗೆ ಜಾಗಾ ಕೊಡದ ಡಿನೈ ಅನ್ನೋ ಟಿಕ್ ಮೊದಲನ ದಿನಾನ ಹಾಕಬ್ಯಾಡ್ರಿ ಅಂತೀನಿ, ಕೋಟಾ ಎಂಟ್ರೀಸ್ ತಗದು ಯಾರದು ಎಷ್ಟ ಐತಿ ನೋಡ್ರಿ, ಅವರ ಕೂಡ ಮಾತಾಡ್ರಿ, ಆಮ್ಯಾಲ ಹಾಕ್ರಿ. ಮೊದಲಿಂದ ಫೈಲ್ ಇಟ್ಟವರಿಗೆ ಲಿಮಿಟ್ ತಾನಾಗೇ ಹತ್ತಂಗಿಲ್ಲ, ಆ ಎಂಟ್ರೀಸ್‌ನ್ಯಾಗ ಒಬ್ಬೊಬ್ಬರಿಗೆ ಕೈಲೆ ಕೊಡಬೇಕು. ಫೈಲ್ ಯಾರದಂತ ಲೆಕ್ಕಾ ಹಿಡಿಯೋದು ಲಾಗಿನ್ ಮ್ಯಾಲ, ಎಲ್ಲಾರೂ ಒಂದ ಲಾಗಿನ್‌ನ್ಯಾಗ ಕೆಲಸಾ ಮಾಡತಿದ್ರ ಕೋಟಾ ಹಾಕಿ ಉಪಯೋಗಿಲ್ಲ. ರೀಸೈಕಲ್ ಬಿನ್‌ನ್ಯಾಗ ಬಿದ್ದದ್ದೂ ಲೆಕ್ಕಕ್ಕ ಬರತೈತಿ, ಖಾಲಿ ಮಾಡಿಸ್ರಿ.

ಕಾಲೇಜ್ ಲ್ಯಾಬ್‌ನ್ಯಾಗ ಲಿನಕ್ಸ್ ಸರ್ವರ್ ಇದ್ರ ಸಾಫ್ಟ್ ಲಿಮಿಟ್, ಹಾರ್ಡ್ ಲಿಮಿಟ್ ಅಂತ ಎರಡದಾವ. ಸಾಫ್ಟ್ ದಾಟಿದ್ರ ಸಾಮಾನ್ಯವಾಗಿ 7 ದಿನ ಟೈಮ್ ಸಿಗತೈತಿ, ಹಾರ್ಡ್ ದಾಟಾಕ ಬಿಡಂಗಿಲ್ಲ. ಜಾಗಾ ಇದ್ದೂ ಕೋಟಾ ಮುಗೀತು ಅಂದ್ರ ಐನೋಡ್ ಲಿಮಿಟ್ (ಎಷ್ಟ ಫೈಲ್ ಇಡಬಹುದು ಅನ್ನೋ ಮಿತಿ) ನೋಡ್ರಿ, ಸಣ್ಣ ಸಣ್ಣ ಫೈಲ್ ಭಾಳ ಆಗಿರತಾವ, ಬ್ಯಾಡಾದ ಒಂದೆರಡು ಮೊದಲ ಅಳಿಸಿ, ಉಳಿದವನ್ನ ಝಿಪ್ ಮಾಡಿ ಒಂದ ಫೈಲ್ ಮಾಡಿ ಹಳೇವು ಅಳಿಸಿದ್ರ ಮತ್ತ ಸೇವ್ ಆಗತೈತಿ.