ಸಂಬಳ ಬಿಟ್ಟು ಸ್ವಂತ ಉದ್ಯೋಗಕ್ಕೆ ಇಳಿಯುವ ಮುನ್ನ

ರಾಜೀನಾಮೆ ಪತ್ರ ಬರೆಯುವ ಮೊದಲು ಕಳೆದ ಹನ್ನೆರಡು ತಿಂಗಳ ಮನೆಖರ್ಚನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬಾಡಿಗೆ, ದಿನಸಿ, ಸಾಲದ ಕಂತುಗಳ ಜೊತೆಗೆ ವರ್ಷಕ್ಕೊಮ್ಮೆ ಬರುವ ಕಾರಣ ಮರೆತೇಹೋಗುವ ವಿಮೆಯ ಕಂತು, ಶಾಲೆಯ ಶುಲ್ಕ, ವಾಹನದ ರಿಪೇರಿಯೂ ಅದರಲ್ಲಿರಲಿ. ತಿಂಗಳ ಸರಾಸರಿ ಖರ್ಚಿನ ಆರು ಪಟ್ಟಾದರೂ ಕೈಯಲ್ಲಿಲ್ಲದೆ ಕೆಲಸ ಬಿಡುವುದನ್ನು ನಾನು ಧೈರ್ಯವೆನ್ನಲಾರೆ.

ಹೆಚ್ಚಿನವರು ಎಡವುವುದು ದರ ಹೇಳುವಾಗ. ತಿಂಗಳ ಸಂಬಳವನ್ನು ಕೆಲಸದ ದಿನಗಳಿಂದ ಭಾಗಿಸಿ, ಬಂದದ್ದನ್ನೇ ದಿನದ ದರವೆಂದು ಹೇಳಿಬಿಡುತ್ತಾರೆ. ಮೊದಲ ವರ್ಷ ನಾನೂ ಹಾಗೆಯೇ ಮಾಡಿ, ಬಿಡುವಿಲ್ಲದೆ ದುಡಿದೂ ಉಳಿತಾಯವನ್ನು ಕರಗಿಸಿಕೊಂಡೆ. ವರ್ಷದ 365 ದಿನಗಳಲ್ಲಿ ವಾರಾಂತ್ಯದ 104 ದಿನಗಳನ್ನೂ, ಹಬ್ಬ, ಜ್ವರ, ರಜೆಗೆಂದು 31 ದಿನಗಳನ್ನೂ ಕಳೆದರೆ ಉಳಿಯುವುದು 230. ಗ್ರಾಹಕರನ್ನು ಹುಡುಕುವುದು, ಬಾಕಿಗಾಗಿ ಅಲೆಯುವುದು, ತೆರಿಗೆಯ ಲೆಕ್ಕ ಇಡುವುದು ಇವಕ್ಕೆ ಅದರಲ್ಲಿ ಮೂರನೆಯ ಒಂದು ಭಾಗ ಹೋದರೆ, ಹಣ ಹುಟ್ಟುವ ದಿನಗಳು ಸುಮಾರು 150 ಮಾತ್ರ. ಮನೆಖರ್ಚು, ಉಪಕರಣ, ತೆರಿಗೆ, ಈವರೆಗೆ ಮಾಲೀಕರು ಭರಿಸುತ್ತಿದ್ದ ವಿಮೆ ಮತ್ತು ನಿವೃತ್ತಿ ನಿಧಿಯ ಪಾಲು ಎಲ್ಲವನ್ನೂ ಕೂಡಿಸಿ, ಈ 150ರಿಂದ ಭಾಗಿಸಿ. ಬರುವ ಮೊತ್ತ ನಿಮಗೇ ದುಬಾರಿಯೆನಿಸಬಹುದು, ಆದರೆ ಸರಿಯಾದ ದರ ಅದೇ.

ಗಳಿಸಿದ ಹಣ ಕೈಸೇರುವ ಹೊತ್ತು ಇನ್ನೊಂದು ವಿಷಯ. ಜನವರಿ 10ಕ್ಕೆ ಆರಂಭಿಸಿದ ಕೆಲಸ ಮುಗಿದು 31ಕ್ಕೆ ಬಿಲ್ ಕಳುಹಿಸಿದಿರೆನ್ನಿ. ಪಾವತಿಗೆ 45 ದಿನಗಳ ಗಡುವಿದ್ದರೆ, ಗ್ರಾಹಕರು ಮಾತಿಗೆ ತಪ್ಪದಿದ್ದರೂ ಹಣ ಬರುವುದು ಮಾರ್ಚ್ ಮಧ್ಯದಲ್ಲಿ. ಅಷ್ಟರೊಳಗೆ ಎರಡು ತಿಂಗಳ ಬಾಡಿಗೆ ಕಟ್ಟಿರುತ್ತೀರಿ. ಆದ್ದರಿಂದ ಮೂರನೆಯ ಒಂದು ಭಾಗವನ್ನು ಮುಂಗಡವಾಗಿ ಕೇಳಿ, ದೊಡ್ಡ ಕೆಲಸವಾದರೆ ಹಂತಹಂತವಾಗಿ ಬಿಲ್ ಮಾಡಿ. ಮುಂಗಡದ ಮಾತೆತ್ತಿದೊಡನೆ ಮುಖ ಸಿಂಡರಿಸುವವರು ಕೊನೆಯ ಕಂತಿಗೂ ಸತಾಯಿಸುವುದೇ ಹೆಚ್ಚು.

ಗೃಹಸಾಲ ಬೇಕಿದ್ದರೆ, ಕಂತು ತೀರಿಸುವ ದಾರಿ ಖಚಿತವಿದ್ದಲ್ಲಿ ಮಾತ್ರ, ಸಂಬಳವಿರುವಾಗಲೇ ಪಡೆಯುವುದು ಸುಲಭ. ಕೆಲಸದಲ್ಲಿರುವಾಗಲೇ ಬಿಡುವಿನ ವೇಳೆ ಸ್ವಂತ ಕೆಲಸ ಶುರುಮಾಡುವುದಾದರೆ ನೇಮಕಾತಿ ಕರಾರು ಅದಕ್ಕೆ ಅವಕಾಶ ಕೊಡುತ್ತದೆಯೇ ಎಂದು ಓದಿ ನೋಡಿ. ಅವಕಾಶವಿದ್ದರೆ ನನ್ನ ಅಳತೆಗೋಲು ಇಷ್ಟೇ: ಪರಿಚಯವೇ ಇಲ್ಲದ ಒಬ್ಬರು ಪೂರ್ತಿ ದರ ಕೊಟ್ಟು ಕೆಲಸ ಮಾಡಿಸಿಕೊಂಡು, ಎರಡನೆಯ ಬಾರಿಯೂ ತಾವಾಗಿಯೇ ಬರುವವರೆಗೆ ರಾಜೀನಾಮೆ ಕೊಡಬೇಡಿ. ನೆಂಟರು, ಗೆಳೆಯರು ಕೊಟ್ಟ ಕೆಲಸ ಈ ಲೆಕ್ಕಕ್ಕೆ ಬರುವುದಿಲ್ಲ.