ನಲಿಕಲಿ ಕೋಣೆಯಲ್ಲಿ ಸಿಹಿಗುಂಬಳ

ಸಕಲೇಶಪುರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಾನು ನಲಿಕಲಿ, ಅಂದರೆ ಚಿಕ್ಕ ಮಕ್ಕಳು ನಲಿಯುತ್ತ ಕಲಿಯುವ ತರಗತಿ, ನೋಡಿಕೊಳ್ಳುತ್ತೇನೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆ ಕಡೆ ಶುರುವಾದ ಈ ಪದ್ಧತಿಯ ಕಾರ್ಡು, ಒಂದಾದ ಮೇಲೆ ಒಂದು ಏನು ಕಲಿಯಬೇಕೆಂದು ತೋರಿಸುವ ಕಲಿಕಾ ಏಣಿ ಎಲ್ಲ ನನಗೆ ಇಷ್ಟವೇ. ಆದರೆ ಕಾರ್ಡಿನ ಮೇಲಿನ ಕುಂಬಳಕ್ಕೆ ತೂಕವಿಲ್ಲ, ವಾಸನೆಯಿಲ್ಲ. ಅದಕ್ಕೇ ದಸರಾ ರಜೆ ಮುಗಿದ ಮೇಲೆ ನಿಜವಾದ ಕಾಯಿಯನ್ನೇ ತರಗತಿಗೆ ತರಿಸುತ್ತೇನೆ. ಆ ಹೊತ್ತಿಗೆ ಹಿತ್ತಿಲ ಬೇಲಿಗಳಲ್ಲಿ ಕಾಯಿ ಬಲಿತಿರುತ್ತವೆ, ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಸಣ್ಣದು, ನಡುವಿನದು, ದೊಡ್ಡದು ಹೀಗೆ ಮೂರಿದ್ದರೆ ಸಾಕು.

ನಾನು ಬಿಡದೆ ಪಾಲಿಸುವುದು ಒಂದೇ: ಮೊದಲು ಮಕ್ಕಳು ಊಹಿಸಬೇಕು, ಉತ್ತರವನ್ನು ಕಾಯಿಯೇ ಕೊಡಬೇಕು. ನಾನು ಬಾಯಿ ಬಿಡುವುದಿಲ್ಲ.

ಟಬ್ಬಿನಲ್ಲಿ ನೀರು ತುಂಬಿಸಿ, ಕುಂಬಳ ಮುಳುಗುತ್ತೋ ತೇಲುತ್ತೋ ಅಂತ ಕೇಳುತ್ತೇನೆ. ಬೋರ್ಡಿನ ಮೇಲೆ ಎರಡು ಕಡೆ ಹೆಸರು ಬರೆಯುತ್ತೇವೆ. "ಎತ್ತಕ್ಕೇ ಆಗಲ್ಲ ಮಿಸ್, ಮುಳುಗೇ ಮುಳುಗುತ್ತೆ" ಅನ್ನುವವರೇ ಹೆಚ್ಚು. ಮೊದಲು ಗೋಲಿ ಹಾಕಿದರೆ ಸೀದಾ ತಳಕ್ಕೆ. ಆಮೇಲೆ ಇಬ್ಬರು ಹಿಡಿದು ಕುಂಬಳ ಬಿಟ್ಟರೆ ಅದು ಒಮ್ಮೆ ಮುಳುಗಿ, ಮೇಲೆದ್ದು, ಹೊರಳಿ ತೇಲುತ್ತದೆ. ಕೋಣೆಯೆಲ್ಲ ಕೂಗು. ಯಾಕೆ ಅಂತ ಆಗ ಹೇಳಿಬಿಡಲು ನಾಲಿಗೆ ತುರಿಸುತ್ತದೆ, ಆದರೂ ತಡೆಯಬೇಕು. ಊಟಕ್ಕೆ ಮುಂಚೆ ಕಾಯಿ ಹೆಚ್ಚಿದಾಗ ಒಳಗಿನ ಪೊಳ್ಳು ಕಂಡು ಎರಡನೇ ತರಗತಿಯ ಹುಡುಗಿಯೊಬ್ಬಳು "ಒಳಗೆ ಖಾಲಿ ಇದೆ, ಅದಕ್ಕೇ ತೇಲ್ತು!" ಅಂದಳು. ಆ ಮಾತನ್ನು ನಾನೇ ಹೇಳಿದ್ದರೆ ಅದು ಅವಳದ್ದಾಗುತ್ತಿರಲಿಲ್ಲ.

ಕತ್ತಿ ಹಿಡಿಯುವುದು ಅಡುಗೆಯಕ್ಕ ಮಾತ್ರ. ತಿರುಳನ್ನು ಮಕ್ಕಳು ಕೈ ತೊಳೆದುಕೊಂಡು ಬಗೆಯುತ್ತಾರೆ. ಲೋಳೆ ಮುಟ್ಟಲು ಹೇಸುವ ಮಗುವನ್ನು ಬಲವಂತ ಮಾಡಬಾರದು, ತೊಳೆದ ಬೀಜ ಬೇರೆ ಮಾಡುವ ಕೆಲಸ ಕೊಟ್ಟರಾಯಿತು. ಹೋಳೆಲ್ಲ ಬಿಸಿಯೂಟದ ಹುಳಿಗೆ ಹೋಗುತ್ತದೆ. ತಿನ್ನುವ ಪದಾರ್ಥ ಹಾಳಾದರೆ ನಮ್ಮೂರಲ್ಲಿ ಯಾವ ತಾಯಿಯೂ ಒಪ್ಪುವುದಿಲ್ಲ, ಒಪ್ಪಲೂ ಬಾರದು.

ಲೆಕ್ಕ ಇರುವುದು ಬೀಜದಲ್ಲಿ. ಒಂದನೆಯವರು ಬಾಟಲಿ ಮುಚ್ಚಳಕ್ಕೆ ಹತ್ತತ್ತು ಬೀಜ ಹಾಕುತ್ತಾರೆ, ಎರಡನೆಯವರು ಹತ್ತು ಮುಚ್ಚಳ ಸೇರಿಸಿ ಒಂದು ತಟ್ಟೆಗೆ ನೂರು ಮಾಡುತ್ತಾರೆ, ಮೂರನೆಯವರು ಮೂರು ಕಾಯಿಯದ್ದೂ ಬರೆದು ಕೂಡುತ್ತಾರೆ. ದೊಡ್ಡ ಕಾಯಿಯಲ್ಲೇ ಹೆಚ್ಚು ಬೀಜ ಇರಬೇಕೆಂದೇನಿಲ್ಲ. ಇದು ಗೊತ್ತಾದಾಗ ನಂಬದೆ ಮತ್ತೆ ಎಣಿಸಲು ಕೂರುತ್ತಾರಲ್ಲ, ನನಗೆ ಬೇಕಾದ್ದೂ ಅದೇ.

ಬೀಜ ನೆರಳಲ್ಲಿ ಒಣಗಿಸಿ ಬೂದಿ ಬೆರೆಸಿ ಇಟ್ಟು, ಜೂನ್‌ನಲ್ಲಿ ಶಾಲೆ ಶುರುವಾದಾಗ ಬೇಲಿ ಪಕ್ಕ ಗೊಬ್ಬರ ಹಾಕಿ ಊರುತ್ತೇವೆ. ಮೊದಲು ಬರುವುದು ಗಂಡು ಹೂವು. ಅವು ಉದುರಿದಾಗ ಮಕ್ಕಳ ಮುಖ ಸಪ್ಪಗಾಗುತ್ತದೆ. ಆಮೇಲೆ ಬುಡದಲ್ಲಿ ಪುಟ್ಟ ಕಾಯಿ ಹೊತ್ತ ಹೆಣ್ಣು ಹೂವು ಬರುತ್ತದೆ, ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದರೆ ಬೇರೆ ಪಾಠ ಬೇಡ. ಹೂವು ಅರಳಿರುವುದು ಬೆಳಗ್ಗೆ ಮಾತ್ರ. ನಮ್ಮ ಆಷಾಢದ ಜಡಿಮಳೆಗೆ ಜೇನು ಹೊರಬರುವುದಿಲ್ಲ, ಹಾಗಾಗಿ ಮಳೆ ಬಿಡುವು ಕೊಟ್ಟ ಬೆಳಗ್ಗೆ ಪ್ರಾರ್ಥನೆಗೆ ಮುಂಚೆಯೇ ಗಂಡು ಹೂವಿನ ಎಸಳು ಕಿತ್ತು, ನಡುವಿನ ಹಳದಿ ಪರಾಗವನ್ನು ಹೆಣ್ಣು ಹೂವಿಗೆ ಸವರುತ್ತೇವೆ. ಸವರಿದ ಹೂವಿಗೆ ದಾರ ಕಟ್ಟಿ, ಕಟ್ಟಿದವರ ಹೆಸರು ಗೋಡೆಯ ಪಟ್ಟಿಯಲ್ಲಿ ಬರೆಯುತ್ತೇವೆ. ಬೇಲಿಯಿಲ್ಲದ ಶಾಲೆಯವರು ಬೀಜವನ್ನು ಮಕ್ಕಳ ಮನೆಗೇ ಕೊಟ್ಟು ಕಳಿಸಬಹುದು. ಮಲೆನಾಡಿನಲ್ಲಿ ಹಿತ್ತಿಲಿಲ್ಲದ ಮನೆ ಕಡಿಮೆ, ಯಾವ ಹೂವು ಕಾಯಿ ಕಟ್ಟಿತು ಅಂತ ದಿನಾ ಬಂದು ಅವರೇ ವರದಿ ಒಪ್ಪಿಸುತ್ತಾರೆ.