ಈಮ್ ಗ್ರಾಮಕ್ಕೆ ಬಂದು ನೆಲೆಸುವ ಕನ್ನಡಿಗರಿಗೆ

ಮೊದಲು ಊರಿನ ಹೆಸರನ್ನು ಸರಿಯಾಗಿ ಹೇಳುವುದನ್ನು ಕಲಿಯಿರಿ. ಫಲಕದ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ನೋಡಿದ ನಮ್ಮವರು ಸಾಮಾನ್ಯವಾಗಿ "ಎಯಾಮ್" ಎಂದು ಓದುತ್ತಾರೆ. ಊರಿನವರ ಬಾಯಲ್ಲಿ ಅದು "ಈಮ್". ಡಾರ್ಬಿಶೈರಿನ ಗುಡ್ಡಗಳ ನಡುವೆ, ಸಾವಿರದೊಳಗಿನ ಜನಸಂಖ್ಯೆಯ ಈ ಹಳ್ಳಿಗೆ ನಮ್ಮವರು ಬರುವುದು ಹೆಚ್ಚಾಗಿ ಶೆಫೀಲ್ಡಿನ ಆಸ್ಪತ್ರೆಗಳಲ್ಲಿ ಅಥವಾ ವಿಶ್ವವಿದ್ಯಾಲಯಗಳಲ್ಲಿ ಕೆಲಸ ಸಿಕ್ಕಿ, ನಗರದ ಗದ್ದಲ ಬೇಡವೆನಿಸಿದಾಗ. ನಾನೂ ಹಾಗೆಯೇ ಬಂದವನು. ಬಂದ ಮೊದಲ ವರ್ಷ ಯಾರಾದರೂ ಹೇಳಿಕೊಟ್ಟಿದ್ದರೆ ಒಳ್ಳೆಯದಿತ್ತು ಎಂದು ನನಗೆ ಅನ್ನಿಸಿದ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಊರು ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದೊಳಗಿದೆ. 1951ರಲ್ಲಿ ರೂಪುಗೊಂಡ ಇದು ಬ್ರಿಟನ್ನಿನ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನ. ನಾಗರಹೊಳೆ, ಬಂಡೀಪುರಗಳನ್ನು ಕಂಡ ನಮಗೆ ರಾಷ್ಟ್ರೀಯ ಉದ್ಯಾನವೆಂದರೆ ಜನವಸತಿಯಿಲ್ಲದ ಕಾಡು ಎಂಬ ಕಲ್ಪನೆಯಿದೆ, ಇಲ್ಲಿ ಹಾಗಲ್ಲ. ಹೊಲ, ಕುರಿ ಮೇಯುವ ಹುಲ್ಲುಗಾವಲು, ಶಾಲೆ, ಅಂಗಡಿ ಎಲ್ಲವೂ ಉದ್ಯಾನದ ಒಳಗೇ ಇವೆ. ಆದರೆ ಕಟ್ಟಡಗಳಿಗೆ ಅನುಮತಿ ಕೊಡುವ ಅಧಿಕಾರ ಉದ್ಯಾನದ ಪ್ರಾಧಿಕಾರದ್ದು, ಮತ್ತು ಹಳೆಯ ಮನೆಗಳಲ್ಲಿ ಹಲವು ಸಂರಕ್ಷಿತ ಪಟ್ಟಿಯಲ್ಲಿವೆ. ಆದ್ದರಿಂದ ಮನೆ ಕೊಂಡ ಉತ್ಸಾಹದಲ್ಲಿ ಕಿಟಕಿ ಬದಲಾಯಿಸುವ, ಡಿಶ್ ಕೂರಿಸುವ, ಕಾಂಪೌಂಡ್ ಒಡೆಯುವ ಕೆಲಸಕ್ಕೆ ಕೈ ಹಾಕುವ ಮೊದಲು ವಿಚಾರಿಸಿಕೊಳ್ಳಿ. ಒಡೆದ ಮೇಲೆ ಕೇಳುವುದಕ್ಕಿಂತ ಒಡೆಯುವ ಮುಂಚೆ ಕೇಳುವುದು ಅಗ್ಗ.

ಇನ್ನು ಊರಿನ ಚರಿತ್ರೆ. ಇದನ್ನು ತಿಳಿಯದೆ ಇಲ್ಲಿ ವಾಸಿಸಬಹುದು, ಆದರೆ ನೆರೆಹೊರೆಯವರ ಮಾತಿನಲ್ಲಿ ಅರ್ಧ ಅರ್ಥವಾಗುವುದಿಲ್ಲ. 1665ರಲ್ಲಿ ಲಂಡನ್ನಿನಲ್ಲಿ ಪ್ಲೇಗು ಹಬ್ಬಿದ್ದಾಗ ಅಲ್ಲಿಂದ ಈ ಊರಿನ ದರ್ಜಿಯ ಮನೆಗೆ ಬಟ್ಟೆಯ ಗಂಟೊಂದು ಬಂದಿತು. ತೇವವಾಗಿದ್ದ ಬಟ್ಟೆಯನ್ನು ಒಲೆಯ ಮುಂದೆ ಆರಹಾಕಿದ ಜಾರ್ಜ್ ವಿಕರ್ಸ್ ಎಂಬ ಕೆಲಸಗಾರ ಆ ಸೆಪ್ಟೆಂಬರಿನ ಮೊದಲ ವಾರದಲ್ಲೇ ತೀರಿಕೊಂಡ. ಬಟ್ಟೆಯಲ್ಲಿದ್ದ ಚಿಗಟಗಳು ರೋಗವನ್ನು ತಂದವೆಂಬುದು ಪರಂಪರೆಯಿಂದ ಬಂದ ವಿವರಣೆ. ಚಳಿಗಾಲದಲ್ಲಿ ತಗ್ಗಿದಂತೆ ಕಂಡ ರೋಗ ಮರುವರ್ಷದ ಬೇಸಗೆಯಲ್ಲಿ ಮತ್ತೆ ಏರಿತು. ಆಗ ಇಪ್ಪತ್ತೆಂಟು ವರ್ಷದ ಪಾದ್ರಿ ವಿಲಿಯಂ ಮಾಂಪೆಸನ್ ಮತ್ತು ಧರ್ಮಸಂಬಂಧಿ ಕಾನೂನನ್ನು ಒಪ್ಪದೆ ಅದೇ ಹುದ್ದೆಯನ್ನು ಕಳೆದುಕೊಂಡಿದ್ದ ಥಾಮಸ್ ಸ್ಟ್ಯಾನ್ಲಿ, ಅಂದರೆ ಒಬ್ಬರನ್ನೊಬ್ಬರು ನಂಬಲು ಕಾರಣವೇ ಇಲ್ಲದಿದ್ದ ಇಬ್ಬರು, ಒಟ್ಟಾಗಿ ನಿಂತು ಜನರನ್ನು ಒಪ್ಪಿಸಿದರು: ಯಾರೂ ಊರು ಬಿಡಬಾರದು, ಸತ್ತವರನ್ನು ಅವರವರ ಮನೆಯವರೇ ಹತ್ತಿರದಲ್ಲಿ ಹೂಳಬೇಕು, ಪ್ರಾರ್ಥನೆ ಚರ್ಚಿನೊಳಗೆ ಬೇಡ, ಬಯಲಿನಲ್ಲಿ ನಡೆಯಲಿ. 1666ರ ನವೆಂಬರಿನ ಹೊತ್ತಿಗೆ, ಹದಿನಾಲ್ಕು ತಿಂಗಳಲ್ಲಿ, ಸುಮಾರು 260 ಜನ ಸತ್ತಿದ್ದರು.

ಪ್ಲೇಗು ಕನ್ನಡ ನಾಡಿಗೂ ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಬಂದ ಮಾರಿಯ ನಂತರವೇ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ಬೆಳೆದವು, ಪ್ಲೇಗಿನಮ್ಮನ ಗುಡಿಗಳು ಎದ್ದವು. ಇಲಿ ಬಿದ್ದವೆಂದರೆ ಮನೆಗೆ ಬೀಗ ಹಾಕಿ, ಊರಾಚೆಯ ಹೊಲದಲ್ಲಿ ಗುಡಿಸಲು ಕಟ್ಟಿಕೊಂಡು ಇರುತ್ತಿದ್ದರೆಂದು ನಮ್ಮ ಹಿರಿಯರು ಹೇಳುವುದನ್ನು ಕೇಳಿ ಬೆಳೆದವರು ನಾವು. ಊರು ಬಿಟ್ಟು ಬದುಕಿಕೊಂಡವರ ಮೊಮ್ಮಕ್ಕಳಾದ ನಮಗೆ, ಬಿಡದೆ ಉಳಿದವರ ಈ ಕಥೆ ಬೇರೆಯದೇ ರೀತಿಯಲ್ಲಿ ತಟ್ಟುತ್ತದೆ. ತ್ಯಾಗದ ಕಥನವನ್ನು ಮುಂದಿನ ಶತಮಾನಗಳ ಲೇಖಕರು ಹಿಗ್ಗಿಸಿದ್ದಾರೆಯೇ ಎಂಬ ಚರ್ಚೆ ವಿದ್ವಾಂಸರಲ್ಲಿ ಇದೆ. ಆ ಚರ್ಚೆ ನಡೆಯಲಿ. ಸತ್ತವರ ಹೆಸರುಗಳಂತೂ ಇವೆ, ಅವರ ಮನೆಗಳೂ ಇವೆ.

ಆ ಮನೆಗಳು ಚರ್ಚ್ ಸ್ಟ್ರೀಟಿನಲ್ಲಿ, ಚರ್ಚಿನ ಪಕ್ಕದಲ್ಲೇ ಇವೆ. ಪ್ರತಿ ಮನೆಯ ಮುಂದೆ ಒಂದು ಹಸಿರು ಫಲಕ, ಅದರ ಮೇಲೆ ಅಲ್ಲಿ ಸತ್ತವರ ವಿವರ. ನಿಮ್ಮನ್ನು ನೋಡಲು ಬರುವ ಬಂಧುಗಳಿಗೆ ಮೊದಲೇ ತಿಳಿಸಬೇಕಾದ ಮಾತೆಂದರೆ, ಅವು ವಸ್ತುಸಂಗ್ರಹಾಲಯಗಳಲ್ಲ, ಒಳಗೆ ಜನ ಸಂಸಾರ ಮಾಡುತ್ತಿದ್ದಾರೆ. ಕಿಟಕಿಗೆ ಮುಖವಿಟ್ಟು ನೋಡುವುದು, ಬಾಗಿಲ ಮೆಟ್ಟಿಲ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುವುದು ಬೇಡ. ನಿಜವಾದ ವಸ್ತುಸಂಗ್ರಹಾಲಯ ಹಾಕ್‌ಹಿಲ್ ರಸ್ತೆಯಲ್ಲಿದೆ. 1994ರಲ್ಲಿ ತೆರೆದದ್ದು, ಅದರ ಗಾಳಿಸೂಚಕ ಇಲಿಯ ಆಕಾರದಲ್ಲಿದೆ. ಅದರ ಎದುರಿಗೆ ಕಾರು ನಿಲ್ಲಿಸುವ ಜಾಗವಿದೆ, ಅತಿಥಿಗಳ ಕಾರುಗಳನ್ನು ಅಲ್ಲಿಗೇ ಕಳುಹಿಸಿ. ಬೇಸಗೆಯಲ್ಲಿ ಶಾಲಾ ಮಕ್ಕಳ ಬಸ್ಸುಗಳು ಬಂದಾಗ ಕಿರಿದಾದ ಬೀದಿಯಲ್ಲಿ ನಿಂತ ಒಂದು ಕಾರಿನಿಂದ ಇಡೀ ಊರಿಗೆ ತೊಂದರೆಯಾಗುತ್ತದೆ.

ಸೇಂಟ್ ಲಾರೆನ್ಸ್ ಚರ್ಚಿಗೆ ನಾವು ಹೋಗಬಹುದೇ ಎಂದು ಹೊಸಬರು ಸಂಕೋಚದಿಂದ ಕೇಳುತ್ತಾರೆ. ಖಂಡಿತ ಹೋಗಬಹುದು. ಪೂಜೆಯ ಹೊತ್ತಲ್ಲದಾಗ ಹೋಗಿ ಸುಮ್ಮನೆ ಕುಳಿತು ಬಂದರೆ ಯಾರೂ ಏನೂ ಕೇಳುವುದಿಲ್ಲ. ಅಂಗಳದಲ್ಲಿ ಎಂಟನೆಯ ಶತಮಾನದ್ದೆಂದು ಹೇಳಲಾಗುವ ಕೆತ್ತನೆಯ ಕಲ್ಲಿನ ಶಿಲುಬೆಯಿದೆ. ಅದರ ಕಂಬದ ಒಂದು ಭಾಗ ಕಾಣೆಯಾಗಿದೆ. ಗೋಡೆಯ ಮೇಲೆ 1775ರ ಸೂರ್ಯಗಡಿಯಾರವಿದೆ, ಅದರಲ್ಲಿ ದೂರದೇಶದ ಊರುಗಳ ಹೆಸರುಗಳನ್ನೂ ಕೊರೆದಿದ್ದಾರೆ. ಹಳ್ಳಿಯ ಗೋಡೆಯೊಂದು ಇಡೀ ಭೂಮಿಯ ಹೊತ್ತನ್ನು ನೆನೆಯುವ ಈ ಕಲ್ಲಿನ ಮುಂದೆ, ಬೆಂಗಳೂರಿನಲ್ಲಿ ಈಗ ಎಷ್ಟು ಗಂಟೆ ಎಂದು ಲೆಕ್ಕ ಹಾಕುತ್ತಾ ನಾನು ಎಷ್ಟೋ ಸಂಜೆ ನಿಂತಿದ್ದೇನೆ. ಮಾಂಪೆಸನ್ ಅವರ ಪತ್ನಿ ಕ್ಯಾಥರಿನ್ ಅವರ ಗೋರಿ ಇಲ್ಲೇ ಇದೆ. ಮಕ್ಕಳನ್ನು ದೂರ ಕಳುಹಿಸಿ, ತಾನು ಗಂಡನೊಡನೆ ಉಳಿದು, 1666ರ ಆಗಸ್ಟಿನಲ್ಲಿ ಆಕೆ ತೀರಿಕೊಂಡರು. ಕ್ರಿಕೆಟ್ ಪ್ರಿಯರು ಡಾರ್ಬಿಶೈರ್ ತಂಡದ ಹಳೆಯ ಆಟಗಾರ ಹ್ಯಾರಿ ಬ್ಯಾಗ್‌ಶಾ ಅವರ ಸಮಾಧಿಯನ್ನು ಹುಡುಕಿ ನೋಡಬೇಕು: ಕಲ್ಲಿನ ಮೇಲೆ ಚೆಂಡಿಗೆ ಮುರಿದ ವಿಕೆಟ್ಟು, ಮೇಲೆ ಅಂಪೈರನ ಎತ್ತಿದ ಬೆರಳು.

ಉಳಿದ ಸ್ಥಳಗಳನ್ನು ಕಾಲ್ನಡಿಗೆಯಲ್ಲಿಯೇ ನೋಡಬೇಕು. ಸ್ಟೋನಿ ಮಿಡಲ್ಟನ್ ಕಡೆಗೆ ಇಳಿಯುವ ದಾರಿಯಲ್ಲಿ ಎಲ್ಲೆಗಲ್ಲು ಸಿಗುತ್ತದೆ. ಪ್ಲೇಗಿನ ಕಾಲದಲ್ಲಿ ಊರಿನವರು, ಸೋಂಕು ದಾಟದಿರಲೆಂದು, ಅದರ ಕುಳಿಗಳಲ್ಲಿ ವಿನೆಗರ್ ತುಂಬಿಸಿ ನಾಣ್ಯಗಳನ್ನು ಹಾಕಿಡುತ್ತಿದ್ದರು, ಆಚೆಯ ಊರಿನವರು ಆಹಾರ ಇಟ್ಟು ನಾಣ್ಯ ಒಯ್ಯುತ್ತಿದ್ದರು. ಊರಿನ ಮೇಲ್ಭಾಗದ ಗುಡ್ಡದಲ್ಲಿರುವ ಮಾಂಪೆಸನ್ ಬಾವಿಯೂ ಇಂಥದೇ ವಿನಿಮಯದ ಸ್ಥಳ. ಆದರೆ ಒಂದೇ ಒಂದು ಸ್ಥಳ ನೋಡಲು ಸಮಯವಿದ್ದರೆ ರೈಲಿ ಗೋರಿಗಳಿಗೆ ಹೋಗಿ. ಊರಿನಿಂದ ಪೂರ್ವಕ್ಕೆ, ಹೊಲದ ನಡುವೆ, ಒಂದು ಸಣ್ಣ ಸುತ್ತುಗೋಡೆ. ಅದರೊಳಗೆ ಹ್ಯಾಂಕಾಕ್ ಮನೆತನದ ಏಳು ಜನರ ಸ್ಮಾರಕಶಿಲೆಗಳು. 1666ರ ಆಗಸ್ಟಿನ ಎಂಟು ದಿನಗಳಲ್ಲಿ ಎಲಿಜಬೆತ್ ಹ್ಯಾಂಕಾಕ್ ತನ್ನ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಎಳೆದೊಯ್ದು, ತಾನೇ ಗುಂಡಿ ತೋಡಿ ಹೂತಳು. ಅಲ್ಲಿ ಏನು ಮಾತಾಡಬೇಕೆಂದು ನನಗೆ ಇಂದಿಗೂ ತಿಳಿದಿಲ್ಲ. ಮಕ್ಕಳನ್ನು ಕರೆದೊಯ್ದಾಗ ಅವರೇ ಹೆಸರುಗಳನ್ನು ಓದುತ್ತಾರೆ, ನಾನು ಸುಮ್ಮನಿರುತ್ತೇನೆ.

ಈ ದಾರಿಗಳೆಲ್ಲ ಖಾಸಗಿ ಹೊಲಗಳ ಮೂಲಕವೇ ಹೋಗುತ್ತವೆ, ಮತ್ತು ನಡೆಯುವ ಹಕ್ಕು ಸಾರ್ವಜನಿಕರಿಗೆ ಕಾನೂನಿನಿಂದಲೇ ಇದೆ. ನಮ್ಮೂರಲ್ಲಿ ಯಾರದೋ ಗದ್ದೆಯ ಬದುವಿನ ಮೇಲೆ ಕೇಳದೆ ನಡೆಯಲು ಹಿಂಜರಿಯುವ ನಮಗೆ ಇದು ವಿಚಿತ್ರವೆನಿಸುತ್ತದೆ. ಹಳದಿ ಬಾಣದ ಗುರುತನ್ನು ಅನುಸರಿಸಿ. ಮುಚ್ಚಿದ್ದ ಗೇಟನ್ನು ದಾಟಿದ ಮೇಲೆ ಮತ್ತೆ ಮುಚ್ಚಿ. ಗಾರೆಯಿಲ್ಲದೆ ಬರೀ ಕಲ್ಲು ಜೋಡಿಸಿ ಕಟ್ಟಿದ ಗೋಡೆಗಳನ್ನು ಹತ್ತಬೇಡಿ, ಒಂದು ಕಲ್ಲು ಜಾರಿದರೆ ಮೊಳದುದ್ದ ಗೋಡೆ ಕುಸಿಯುತ್ತದೆ. ವಸಂತದಲ್ಲಿ ಕುರಿಗಳು ಮರಿ ಹಾಕುವ ಕಾಲ, ಆಗ ನಾಯಿಯನ್ನು ಹಗ್ಗದಿಂದ ಬಿಡಲೇಬಾರದು.

ರೈಲು ಹಿಡಿಯಬೇಕಾದರೆ ಶೆಫೀಲ್ಡ್–ಮ್ಯಾಂಚೆಸ್ಟರ್ ಮಾರ್ಗದ ಗ್ರಿಂಡಲ್‌ಫರ್ಡ್ ನಿಲ್ದಾಣವೇ ಹತ್ತಿರ, ಆದರೆ ಅಲ್ಲಿಗೂ ಕೆಲವು ಮೈಲಿ ಹೋಗಬೇಕು. ಸಂಜೆಯ ಬಸ್ಸುಗಳನ್ನು ನಂಬಿ ರಾತ್ರಿ ಪಾಳಿಯ ಕೆಲಸ ಒಪ್ಪಿಕೊಳ್ಳಬೇಡಿ.

ಊರಿನ ಜೀವನಕ್ಕೆ ಬರೋಣ. ಕನ್ನಡ ಬಳಗದ ಯುಗಾದಿ, ದೀಪಾವಳಿಗಳು ವರ್ಷಕ್ಕೆರಡು ಸಲ ನಮ್ಮ ಮನಸ್ಸು ತುಂಬಿಸುತ್ತವೆ. ಉಳಿದ ಮುನ್ನೂರ ಅರವತ್ತಕ್ಕೂ ಹೆಚ್ಚು ದಿನ ನಿಮ್ಮ ಬಳಗ ಈ ಊರಿನವರೇ. ಇಲ್ಲಿ ಯಾರೂ ತಾವಾಗಿ ಬಾಗಿಲು ಬಡಿದು "ಎಲ್ಲಿಂದ ಬಂದಿರಿ, ಎಷ್ಟು ಜನ ಮಕ್ಕಳು" ಎಂದು ವಿಚಾರಿಸುವುದಿಲ್ಲ. ಅದು ತಾತ್ಸಾರವಲ್ಲ, ನಿಮ್ಮ ಏಕಾಂತಕ್ಕೆ ಕೊಡುವ ಗೌರವ. ಮೊದಲ ಹೆಜ್ಜೆ ನೀವೇ ಇಡಬೇಕು. ಪ್ಯಾರಿಷ್ ಕೌನ್ಸಿಲ್ ಎಂಬುದು ನಮ್ಮ ಗ್ರಾಮ ಪಂಚಾಯಿತಿಗಿಂತ ಚಿಕ್ಕ ಅಧಿಕಾರದ ಸಂಸ್ಥೆ. ಅದರ ಸಭೆಗಳಿಗೆ ಯಾರು ಬೇಕಾದರೂ ಹೋಗಿ ಕುಳಿತು ಕೇಳಬಹುದು, ಮತ್ತು ಊರಿನ ನಿಜವಾದ ಚಿಂತೆಗಳು ಏನೆಂಬುದು ಅಲ್ಲಿ ಒಂದೇ ಸಂಜೆಯಲ್ಲಿ ತಿಳಿಯುತ್ತದೆ. ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್ ಎಂಬ ಹಳೆಯ ಹೆಸರಿನ ಕಟ್ಟಡವೇ ಊರಿನ ಸಮುದಾಯ ಭವನ. ಧನಸಂಗ್ರಹದ ತಿಂಡಿ ಮಾರಾಟಕ್ಕೆ ಮೈಸೂರುಪಾಕು, ಕೋಡುಬಳೆ ಕೊಟ್ಟರೆ ಸಂತೋಷದಿಂದ ತೆಗೆದುಕೊಳ್ಳುತ್ತಾರೆ. ಆದರೆ ಕಡಲೆಕಾಯಿ, ಗೋಡಂಬಿ, ಎಳ್ಳು ಏನೇ ಬಿದ್ದಿದ್ದರೂ ಚೀಟಿಯಲ್ಲಿ ಬರೆದು ಅಂಟಿಸಿ, ಅಲರ್ಜಿಯನ್ನು ಇಲ್ಲಿ ಬಹಳ ಗಂಭೀರವಾಗಿ ಪರಿಗಣಿಸುತ್ತಾರೆ. ನವೆಂಬರಿನ ಎರಡನೇ ಭಾನುವಾರ ಯುದ್ಧದಲ್ಲಿ ಮಡಿದವರ ಸ್ಮರಣೆ ನಡೆಯುತ್ತದೆ. ಇದು ಅವರ ಸೈನಿಕರದ್ದು ಎಂದು ದೂರ ನಿಲ್ಲಬೇಡಿ. 1918ರ ಸೆಪ್ಟೆಂಬರಿನಲ್ಲಿ ಹೈಫಾ ನಗರಕ್ಕೆ ಕುದುರೆಯೇರಿ ನುಗ್ಗಿದವರಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯವರೂ ಇದ್ದರು. ಕೆಂಪು ಗಸಗಸೆ ಹೂವನ್ನು ಎದೆಗೆ ಚುಚ್ಚಿಕೊಂಡು ಅವರ ಪರವಾಗಿಯೂ ನಿಲ್ಲಿ.

ಆದರೆ ಊರಿನೊಳಗೆ ಸೇರಿಕೊಳ್ಳಲು ಆಗಸ್ಟ್ ಕೊನೆಗಿಂತ ಒಳ್ಳೆಯ ಕಾಲ ಬೇರಿಲ್ಲ. ಆ ತಿಂಗಳ ಕೊನೆಯ ಭಾನುವಾರ ಪ್ಲೇಗ್ ಸಂಡೆ: 1666ರಲ್ಲಿ ಬಯಲು ಪ್ರಾರ್ಥನೆ ನಡೆದಿದ್ದ ಕಕ್ಲೆಟ್ ಡೆಲ್ಫ್ ಎಂಬ ಕಣಿವೆಯಲ್ಲಿ ಇಂದಿಗೂ ಸ್ಮರಣೆಯ ಪ್ರಾರ್ಥನೆ ನಡೆಯುತ್ತದೆ, ಕ್ಯಾಥರಿನ್ ಗೋರಿಗೆ ಹೂಮಾಲೆ ಇಡುತ್ತಾರೆ. ಅದೇ ದಿನಗಳಲ್ಲಿ ಬಾವಿ ಸಿಂಗಾರವೂ, ಅಂದರೆ ಹೂದಳಗಳಿಂದ ಮಾಡಿದ ಚಿತ್ರವನ್ನು ನೀರಿನ ತಾಣದ ಬಳಿ ಇಡುವ ಆಚರಣೆಯೂ, ಜಾತ್ರೆಯೂ ಇರುತ್ತವೆ. 1588ರಷ್ಟು ಹಿಂದೆಯೇ ಕಲ್ಲುಬಾನಿಗಳಿಗೆ ನೀರು ಹರಿಸಿಕೊಂಡ ಊರಿದು. ನೀರಿಗೆ ಕೃತಜ್ಞತೆ ಹೇಳುವ ಡಾರ್ಬಿಶೈರಿನ ಈ ಸಂಪ್ರದಾಯ ಇಲ್ಲಿ ಸಹಜವಾಗಿಯೇ ನೆಲೆಯೂರಿದೆ.

ಕೆಲಸದ ಕ್ರಮ ಹೀಗಿದೆ. ಅಂಚುಕಟ್ಟಿನ ದೊಡ್ಡ ಮರದ ಹಲಗೆಗಳನ್ನು ಹಲವು ದಿನ ನೀರಿನಲ್ಲಿ ನೆನೆಸುತ್ತಾರೆ. ಒಣ ಮರ ಮಣ್ಣಿನ ತೇವವನ್ನು ಹೀರಿದರೆ ಚಿತ್ರ ಬಿರುಕು ಬಿಡುತ್ತದೆ. ಜೇಡಿಮಣ್ಣನ್ನು ಉಪ್ಪು ನೀರು ಹಾಕಿ ಹದವಾಗಿ ತುಳಿದು ಹಲಗೆಯ ಮೇಲೆ ಮೆತ್ತುತ್ತಾರೆ. ಚಿತ್ರ ಬರೆದ ಕಾಗದವನ್ನು ಮೇಲಿಟ್ಟು ರೇಖೆಯುದ್ದಕ್ಕೂ ಚುಚ್ಚಿ ಚುಕ್ಕಿಗಳನ್ನು ಮೂಡಿಸುತ್ತಾರೆ, ಕಾಗದ ತೆಗೆದು ಆ ಚುಕ್ಕಿಗಳ ಮೇಲೆ ಬೀಜ, ಸಣ್ಣ ಕಾಯಿಗಳನ್ನು ಒತ್ತಿ ಗೆರೆ ಕಟ್ಟುತ್ತಾರೆ. ಆಮೇಲೆ ಒಳಗೆ ಹೂದಳ, ಎಲೆ, ಪಾಚಿ. ದಳಗಳನ್ನು ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂರಿಸಬೇಕು, ಆಗ ಮಳೆನೀರು ಒಳಗಿಳಿಯದೆ ಜಾರಿಹೋಗುತ್ತದೆ. ಇಷ್ಟೆಲ್ಲ ಮಾಡಿದ ಚಿತ್ರ ಉಳಿಯುವುದು ಸುಮಾರು ಒಂದು ವಾರ.

ಚುಕ್ಕಿಯಿಟ್ಟು ಎಳೆ ಎಳೆದು ಬೆಳೆದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನನ್ನ ಹೆಂಡತಿ ಮೊದಲ ವರ್ಷ ನೋಡಲೆಂದು ಹೋದವಳು, ಪಕ್ಕದಲ್ಲಿದ್ದ ವೃದ್ಧೆಯೊಬ್ಬರು ಸರಿದು ಜಾಗ ಕೊಟ್ಟಾಗ ಕುಳಿತು, ರಾತ್ರಿ ಹತ್ತರವರೆಗೆ ದಳ ಒತ್ತಿದಳು. ಅಲ್ಲಿಯವರೆಗೆ ಬೀದಿಯಲ್ಲಿ ತಲೆಯಾಡಿಸಿ ಹೋಗುತ್ತಿದ್ದವರು ಮರುದಿನ ಹೆಸರು ಹಿಡಿದು ಕರೆದರು. ಕೈಗಳು ಯಾವಾಗಲೂ ಕಡಿಮೆಯೇ ಇರುತ್ತವೆ, ಅನುಭವ ಕೇಳುವುದಿಲ್ಲ. ಸಂಜೆ ಒಂದು ಗಂಟೆ ಬಿಡುವಿದ್ದರೂ ಹೋಗಿ. ಹಲಗೆ ನೆನೆಹಾಕುವ ದಿನವನ್ನು ಜುಲೈಯಲ್ಲೇ ನೆರೆಯವರಲ್ಲಿ ವಿಚಾರಿಸಿಟ್ಟುಕೊಳ್ಳಿ. ಮನೆಯ ಮುಂದೆ ಗೇಣಗಲದ ಮಣ್ಣಿದ್ದರೂ ಈಗಲೇ ಒಂದು ಹೈಡ್ರೇಂಜಿಯಾ ಗಿಡ ನೆಡಿ: ಅದು ಬೇಸಗೆಯ ಕೊನೆಗೂ ಅರಳಿರುತ್ತದೆ, ದಳ ಅಗಲ, ಬಣ್ಣ ಬೇಗ ಮಾಸುವುದಿಲ್ಲ, ಮತ್ತು ಆ ವಾರ ಅದನ್ನು ಕೇಳಿಕೊಂಡು ಯಾರಾದರೂ ನಿಮ್ಮ ಬಾಗಿಲಿಗೆ ಬರುತ್ತಾರೆ.